ಬೀಗದಕ್ಕನ ಪಾಳಿ

ಕೆರೆಯ ತೂಬಿನ ಕೀಲಿಕೈ ಸೊಂಟಕ್ಕೆ ಬಂದ ಮೇಲೆ ಊರಿನವರು ಅವಳನ್ನು ಬೀಗದಕ್ಕ ಎಂದು ಕರೆಯತೊಡಗಿದರು. ಅದಕ್ಕೂ ಮುಂಚೆ ಅವಳು ಮೈದುನನ ಮಕ್ಕಳಿಗೆ ದೊಡ್ಡಮ್ಮ, ಓರಗಿತ್ತಿಗೆ ಅಕ್ಕ, ಉಳಿದವರಿಗೆಲ್ಲ ಹೊಲಿಗೆಯವಳು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತನ್ನ ಪಾಲಿನ ಹೊಲವನ್ನೂ ಮೈದುನನಿಗೇ ಬಿಟ್ಟುಕೊಟ್ಟು, ಅವರು ಕಳಿಸುವ ಕಾಳುಕಡ್ಡಿ, ತನ್ನ ಹೊಲಿಗೆ ಯಂತ್ರ, ಇಷ್ಟರಲ್ಲಿ ಬದುಕು ದೂಡುತ್ತಿದ್ದಳು.

ಕೆರೆಯಲ್ಲಿ ಹೂಳು ತುಂಬಿ ನೀರು ನಿಲ್ಲದೆ ಎಷ್ಟೋ ಕಾಲವಾಗಿತ್ತು. ಸರ್ಕಾರದ ಯೋಜನೆಯೊಂದು ಬಂದು ಹೂಳು ತೆಗೆಸಿತು, ಏರಿ ಗಟ್ಟಿ ಮಾಡಿಸಿತು, ಕಾಲುವೆಗೆ ಸಿಮೆಂಟು ಹಾಕಿಸಿತು. ಹೊರಡುವಾಗ ಎಂಜಿನಿಯರು, ನೀರು ಬಂದರಷ್ಟೇ ಸಾಲದು, ಕೊನೆಯ ಹೊಲದವರೆಗೂ ಹೋಗಬೇಕು, ಅದಕ್ಕೊಂದು ಸಂಘ ಕಟ್ಟಿಕೊಳ್ಳಿ ಎಂದು ಹೇಳಿಹೋದ. ಸಂಘವೇನೋ ಸಲೀಸಾಗಿ ಆಯಿತು. ಪಾಳಿ ತಪ್ಪಿಸಿ ನೀರು ಹಾಯಿಸಿಕೊಂಡವರಿಗೆ ಮುಂದಿನ ಪಾಳಿ ಇಲ್ಲ ಎಂಬ ಕಟ್ಟಳೆಗೂ ಎಲ್ಲರೂ ತಲೆ ಆಡಿಸಿದರು. ತೂಬಿನ ಕೀಲಿಕೈ ಯಾರ ಕೈಯಲ್ಲಿರಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಜಗಳ ಹತ್ತಿಕೊಂಡಿತು. ಮೇಲಿನ ಹೊಲದವರಿಗೆ ಕೆಳಗಿನವರ ಮೇಲೆ ನಂಬಿಕೆಯಿಲ್ಲ, ಕೆಳಗಿನವರಿಗೆ ಯಾರ ಮೇಲೂ ಇಲ್ಲ. ಕೊನೆಗೆ ಸಂಘದ ಹಿರಿಯರು, ಸ್ವಂತಕ್ಕೆ ನೀರು ಬೇಡದವರು ಯಾರಾದರೂ ಇದ್ದರೆ ಹೇಳಿ ಎಂದರು. ಹೆಂಗಸರ ಸಾಲಿನಲ್ಲಿ ಬಟ್ಟೆಯ ಅಂಚು ಹೊಲಿಯುತ್ತ ಕುಳಿತಿದ್ದವಳ ಕಡೆ ಎಲ್ಲರ ಕಣ್ಣೂ ತಿರುಗಿತು. ಅವಳು ಎಂದಾದರೂ ಅಳತೆ ತಪ್ಪಿದ್ದುಂಟೇ ಎಂದು ಯಾರೋ ಕೇಳಿದರು. ನನ್ನ ಅಂಗಿ ಬಿಗಿಯಾಗಿತ್ತು ಎಂದು ಅಂಗಡಿಯವನು ರಾಗ ಎಳೆದ. ಅದು ಅಂಗಿಯ ತಪ್ಪಲ್ಲ ಎಂದು ಅವನ ಹೆಂಡತಿಯೇ ಹೇಳಿದಾಗ ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲೇ ಕೀಲಿಕೈ ಅವಳ ಕೈಗೆ ಬಂತು.

ಅವಳಿಗೂ ಒಳಗೊಳಗೇ ಖುಷಿಯಾಯಿತು. ಇನ್ನು ಮೇಲೆ ಮನೆ ಬಿಕೋ ಎನ್ನುವುದಿಲ್ಲ, ನಾಲ್ಕು ಜನ ಬಂದು ಹೋಗುತ್ತಾರೆ ಎಂದುಕೊಂಡಳು. ಬಂದರು ಕೂಡ. ಜಗಲಿಯಲ್ಲಿ ಕೂತು ಅದೂ ಇದೂ ಮಾತಾಡಿ, ಏಳುವಾಗ ಮೆಲ್ಲಗೆ ನೀರಿನ ವಿಷಯ ತೆಗೆಯುತ್ತಿದ್ದರು. ನಿಮ್ಮ ಪಾಳಿ ಬಂದಾಗ ನಾನೇ ತೂಬಿನ ಬೀಗ ತೆಗೆದು ಹಲಗೆ ಎತ್ತುತ್ತೇನೆ ಎಂದು ಅವಳು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು. ಮಾತಿನಿಂದ ಏನೂ ಗಿಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಜಗಲಿ ಖಾಲಿಯಾಯಿತು. ಮುನಿಸಿಕೊಂಡವರು ಬಟ್ಟೆಯನ್ನು ಪಕ್ಕದ ಊರಿಗೆ ಕೊಡತೊಡಗಿದರು. ಅವಳು ಕಾಲುವೆಯ ಏರಿಯ ಮೇಲೆ ಬರುತ್ತಿದ್ದರೆ ಎದುರಿಗಿದ್ದವರ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ದಾಟಿಹೋದ ಮೇಲೆ ಬೆನ್ನ ಹಿಂದೆ ಮತ್ತೆ ಶುರುವಾಗುತ್ತಿತ್ತು.

ಓರಗಿತ್ತಿ ಮಾತ್ರ ಬರುವುದನ್ನು ಬಿಡಲಿಲ್ಲ. ಇಬ್ಬರೂ ಒಬ್ಬರ ಹಿಂದೊಬ್ಬರು ಅದೇ ಮನೆಗೆ ಸೊಸೆಯರಾಗಿ ಬಂದವರು, ಅತ್ತೆಯ ಬೈಗುಳವನ್ನು ಅರ್ಧರ್ಧ ಹಂಚಿಕೊಂಡವರು. ಒಲೆ ಬೇರೆಯಾದ ಮೇಲೂ ಸಂಜೆಯಾದರೆ ಅವಳು ಮೊರದಲ್ಲಿ ಹುರುಳಿಕಾಯಿ ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕಾಯಿ ಬಿಡಿಸುತ್ತ, ಇವರೆಲ್ಲ ನಿನ್ನ ಮೇಲೆ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ, ಗಂಟು ಬಿಚ್ಚೋಕೆ ನಿನಗೇನು ಬಾರದೇ ಎಂದು ನಗಿಸುತ್ತಿದ್ದಳು. ಆ ಹೊತ್ತಿಗಾಗಿಯೇ ಬೀಗದಕ್ಕ ಇಡೀ ದಿನ ಕಾಯುತ್ತಿದ್ದಳು.

ಬೇಸಗೆ ಎಂದಿಗಿಂತ ಬೇಗ ಬಂತು. ಮೈದುನ ಆಸೆಪಟ್ಟು ಟೊಮ್ಯಾಟೊ ಸಸಿ ನಾಟಿ ಮಾಡಿದ್ದ. ಒಂದು ಸಂಜೆ ಓರಗಿತ್ತಿ ಬರಿಗೈಯಲ್ಲಿ ಬಂದಳು. ಕೂರಲಿಲ್ಲ.

“ಅಕ್ಕ, ಸಸಿ ಎಲ್ಲ ಬಾಡಿ ಮಲಗಿವೆ. ಒಂದು ಗಳಿಗೆ ಹಲಗೆ ಎತ್ತು. ಯಾರಿಗೂ ಗೊತ್ತಾಗಲ್ಲ.”

“ನಿಮ್ಮ ಪಾಳಿ ಬರಲಿ.”

“ಪಾಳಿ ಬರೋ ಹೊತ್ತಿಗೆ ಸಸಿ ಇರಲ್ಲ.”

“ಬಾವಿಯಿಂದ ಕೊಡದಲ್ಲಿ ಹೊತ್ತು ಹಾಕೋಣ. ನಾನೂ ಬರ್ತೀನಿ.”

ಓರಗಿತ್ತಿ ಅವಳ ಮುಖವನ್ನೇ ನೋಡಿದಳು. “ಆ ಹೊಲ ನಿನ್ನದೂ ಹೌದು ಅಕ್ಕ.”

“ಅದಕ್ಕೇ ಆಗಲ್ಲ ಅಂತಿರೋದು.”

ಕತ್ತಲಾಗುವವರೆಗೂ ಇಬ್ಬರೂ ನೀರು ಹೊತ್ತರು. ಕೊಡದ ನೀರು ಬಿಸಿಲುಂಡ ಮಣ್ಣಿಗೆ ಯಾವ ಮೂಲೆಗೂ ಸಾಲಲಿಲ್ಲ.  ಕೊನೆಗೆ ಓರಗಿತ್ತಿ ಕೊಡವನ್ನು ಬಾವಿಕಟ್ಟೆಯ ಮೇಲೆ ಕುಕ್ಕಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಬೀಗದಕ್ಕ ಎಂದಿನಂತೆ ಕಾಲುವೆ ನೋಡಿಕೊಂಡು ಬರುವಾಗ ಮೈದುನನ ಹೊಲದ ಕವಲಿನಲ್ಲಿ ನೀರು ತಡೆಯುವ ಹಲಗೆ ಮೇಲಕ್ಕೆದ್ದಿತ್ತು. ಕೆಳಗಿನವರಿಗೆ ಹೋಗಬೇಕಾದ ನೀರು ಟೊಮ್ಯಾಟೊ ಸಾಲುಗಳಲ್ಲಿ ಹರಿಯುತ್ತಿತ್ತು. ಮೈದುನ ಗುದ್ದಲಿ ಊರಿಕೊಂಡು ನಿಂತಿದ್ದ. ಅವಳೆದುರು ಎಂದೂ ದನಿ ಎತ್ತಿದವನಲ್ಲ. ಅವತ್ತೂ ಎತ್ತಲಿಲ್ಲ.

“ಅತ್ತಿಗೆ, ನೋಡದ ಹಾಗೆ ಹೋಗಿಬಿಡಿ” ಎಂದ.

ಅವಳು ಒಮ್ಮೆ ಹಲಗೆಯ ಕಡೆಗೆ, ಒಮ್ಮೆ ಅವನ ಕಡೆಗೆ ನೋಡಿದಳು. ಅಷ್ಟರಲ್ಲಿ, ನೀರು ಯಾಕೆ ಬರಲಿಲ್ಲವೆಂದು ನೋಡಲು ಕೆಳಗಿನ ಹೊಲದವರು ಏರಿಯ ಮೇಲೆ ಬರುತ್ತಿರುವುದು ಕಂಡಿತು. ಅವರು ಬರದೇ ಇದ್ದಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಅವರು ಬಂದರು, ನಿಂತು ನೋಡಿದರು. ಅವಳು ಕಾಲುವೆಗಿಳಿದು ಹಲಗೆಯನ್ನು ಒತ್ತಿ ಕೂರಿಸಿದಳು. ಸೀರೆ ಮೊಣಕಾಲಿನವರೆಗೆ ನೆನೆದಿತ್ತು.

“ಮುಂದಿನ ಪಾಳಿ ನಿಮಗಿಲ್ಲ” ಎಂದಳು. ದನಿ ಅವಳದೇ ಎನಿಸಲಿಲ್ಲ.

ಅರ್ಧಕ್ಕರ್ಧ ಸಸಿ ಒಣಗಿ ಕಡ್ಡಿಯಾಯಿತು. ಓರಗಿತ್ತಿ ಮಾತು ಬಿಟ್ಟಳು. ಮೈದುನನ ಮನೆಯಿಂದ ಕಾಳು ಬಂತು, ಅದರಲ್ಲಿ ಒಂದು ಸೇರೂ ಕಡಿಮೆಯಿರಲಿಲ್ಲ. ಆದರೆ ಗಾಡಿಯವನು ಮೂಟೆಯನ್ನು ಬಾಗಿಲಲ್ಲಿಳಿಸಿ ಹೋದ. ಮೊದಲೆಲ್ಲ ಓರಗಿತ್ತಿಯೇ ಬಂದು ಮಡಕೆಗಳಿಗೆ ತುಂಬಿಸಿ, ಧೂಳು ಒರೆಸಿ, ಉಂಡು ಹೋಗುತ್ತಿದ್ದಳು.

ಸಂಜೆಗಳು ಉದ್ದವಾದವು. ಬೀಗದಕ್ಕ ಬಾಗಿಲು ತೆರೆದಿಟ್ಟುಕೊಂಡೇ ಅಡುಗೆ ಮಾಡುತ್ತಿದ್ದಳು. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಸೌಟು ನಿಲ್ಲುತ್ತಿತ್ತು, ಹೆಜ್ಜೆ ಮುಂದೆ ಹೋದರೆ ಮತ್ತೆ ತಿರುಗುತ್ತಿತ್ತು. ಹೊಲಿಯಲು ಯಾರ ಬಟ್ಟೆಯೂ ಇಲ್ಲದಾಗ ತನ್ನದೇ ಕಿಟಕಿಯ ಪರದೆಯ ಅಂಚು ಬಿಚ್ಚಿ, ಮತ್ತೆ ಅದನ್ನೇ ಹೊಲಿದಳು. ಒಂದು ದಿನ ಹಾಲಿನವನು ಏನೋ ಕೇಳಿದ್ದಕ್ಕೆ ಉತ್ತರ ಕೊಟ್ಟಾಗ ದನಿ ಒಡಕಾಗಿ ಬಂತು. ಮಾತಾಡಿ ಎಷ್ಟು ದಿನವಾಯಿತೆಂಬುದು ಆಗ ಅವಳ ಅರಿವಿಗೆ ಬಂತು.

ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುತ್ತಿದೆಯೇ ನೋಡೋಣವೆಂದು ಒಮ್ಮೆ ಕಾಲುವೆಯ ಜೊತೆಗೇ ಕೆಳಗಿನವರೆಗೂ ನಡೆದಳು. ಅಷ್ಟು ದೂರ ಅವಳು ಹಿಂದೆಂದೂ ಹೋಗಿರಲಿಲ್ಲ. ಮೊದಲು ಮುಳ್ಳುಗಿಡ ಬೆಳೆಯುತ್ತಿದ್ದವಂತೆ ಅಲ್ಲಿ. ಈಗ ಭತ್ತ ತೆನೆ ಬಿಟ್ಟು ಬಾಗಿತ್ತು. ಬದುವಿನ ಮೇಲಿದ್ದ ಮುದುಕಿಯೊಬ್ಬಳು ದಾರಿಹೋಕಳೆಂದುಕೊಂಡು ಅವಳನ್ನು ನೆರಳಿಗೆ ಕರೆದು ಕುಡಿಯಲು ನೀರು ಕೊಟ್ಟಳು. ಮುದುಕಿಗೆ ಮಾತಾಡಲು ಜನ ಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಈ ಹೊಲದಲ್ಲಿ ಹಸಿರು ಕಂಡಿರಲಿಲ್ಲವೆಂದಳು. ಮಗ ಕೂಲಿಗೆಂದು ಊರೂರು ಅಲೆಯುವುದನ್ನು ಬಿಟ್ಟು ಮನೆಯಲ್ಲಿದ್ದಾನೆ ಎಂದಳು. ಬೀಗದಕ್ಕನಿಗೆ ಎದೆ ತುಂಬಿ ಬಂತು. ಆ ನೀರಿನ ಕೀಲಿಕೈ ಹಿಡಿದವಳು ನಾನೇ ಎಂದು ನಾಲಿಗೆಯ ತುದಿಗೆ ಬಂದಿತ್ತು.

“ಮೇಲೆ ಯಾರೋ ಬೀಗದಕ್ಕ ಅಂತ ಇದ್ದಾಳಂತೆ” ಎಂದಳು ಮುದುಕಿ. “ಹಿಂದಿಲ್ಲ, ಮುಂದಿಲ್ಲ, ತನ್ನವರು ಅಂತ ಯಾರೂ ಇಲ್ಲವಂತೆ. ಅದಕ್ಕೇ ಕಲ್ಲಿನ ಹಾಗೆ ಕೂತಿದ್ದಾಳಂತೆ. ಪಾಪ. ಆದರೆ ನಮಗೆ ಒಳ್ಳೇದೇ ಆಯ್ತು ನೋಡು.”

ಹೌದು ಎಂದು ಬೀಗದಕ್ಕ ಚೊಂಬನ್ನು ಹಿಂದಕ್ಕೆ ಕೊಟ್ಟಳು. ಬರುವಾಗ ಬಿಸಿಲು ಎದುರಿಗಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಇನ್ನು ಈ ಕೆಲಸ ಸಾಕು ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಕೊಯ್ಲು ಮುಗಿದರೂ ಕೆರೆಯಲ್ಲಿ ನೀರು ಉಳಿದಿತ್ತು. ವರ್ಷದ ಸಭೆ ಸೇರಿದಾಗ ಅವಳು ಕೀಲಿಕೈಯನ್ನು ಹಿರಿಯರ ಮುಂದಿನ ಮೇಜಿನ ಮೇಲಿಟ್ಟು, ನನ್ನ ಕೈಲಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಯಾರೂ ಬೇಡವೆನ್ನಲಿಲ್ಲ. ಅಂಗಡಿಯವನು ತಾನು ನೋಡಿಕೊಳ್ಳುತ್ತೇನೆ ಎಂದು ಎದ್ದೇ ಬಿಟ್ಟ. ಮೇಲಿನವರಲ್ಲಿ ಕೆಲವರು ಅವನಿಗೆ ದನಿಗೂಡಿಸಿದರು. ಆಗ ಹೆಂಗಸರ ಸಾಲಿನಿಂದ ಓರಗಿತ್ತಿ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದ್ದೇ ಇಲ್ಲ. ಗಂಡ ಆಚೆಯಿಂದ ಕೈಸನ್ನೆ ಮಾಡಿದರೂ ಕೂರಲಿಲ್ಲ.

“ನಮ್ಮ ಸಸಿ ಹೋದವು. ಆ ಹೊಟ್ಟೆಯುರಿ ನನಗಿನ್ನೂ ಆರಿಲ್ಲ” ಎಂದಳು. “ಆದರೆ ನಮಗೇ ಬಿಡದವರು ಇನ್ನಾರಿಗೂ ಬಿಡಲ್ಲ. ಅವರೇ ಇರಲಿ.”

 ಕೆಳಗಿನ ಹೊಲದವರು ಒಬ್ಬೊಬ್ಬರಾಗಿ ಕೈಯೆತ್ತಿದರು, ಆಮೇಲೆ ಮೇಲಿನವರೂ ಎತ್ತಿದರು. ಹಿರಿಯರು ಕೀಲಿಕೈಯನ್ನು ಅವಳ ಕಡೆಗೆ ತಳ್ಳಿದರು. ಇಷ್ಟೂ ಜನ ನಂಬಿ ಕೊಡುತ್ತಿರುವಾಗ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೆ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಅವರು. ಇಷ್ಟು ವರ್ಷ ಅಕ್ಕ ಎನ್ನುತ್ತಿದ್ದವಳ ಬಾಯಲ್ಲಿ ಅವಳೀಗ ‘ಅವರು’ ಆಗಿದ್ದಳು.

ಮನೆಗೆ ಹೋಗುವ ದಾರಿ ಇಬ್ಬರದೂ ಒಂದೇ. ಓರಗಿತ್ತಿ ಮುಂದೆ, ಅವಳು ಹಿಂದೆ. ಬೇಗ ನಡೆದರೆ ಜೊತೆಗೂಡಬಹುದಿತ್ತು. ಕೂಡಿದರೆ ಏನು ಹೇಳುವುದೆಂದು ತೋಚದೆ ಅವಳು ನಿಧಾನಿಸಿದಳು. ಓರಗಿತ್ತಿ ತನ್ನ ಮನೆಯ ಚಿಲಕಕ್ಕೆ ಕೈ ಹಾಕಿ ಒಂದು ಕ್ಷಣ ನಿಂತಳು. ತಿರುಗದೆಯೇ, “ನಮ್ಮ ಕವಲಲ್ಲಿ ಹೂಳು ನಿಂತಿದೆ. ಬೆಳಿಗ್ಗೆ ಬಂದು ನೋಡಬೇಕಂತೆ” ಎಂದಳು.

“ಬರ್ತೀನಿ” ಎಂದಳು ಬೀಗದಕ್ಕ.

ಬಾಗಿಲು ಮುಚ್ಚಿಕೊಂಡಿತು. ಅವಳು ಇನ್ನೂ ಸ್ವಲ್ಪ ಹೊತ್ತು ಬೀದಿಯಲ್ಲಿ ನಿಂತಿದ್ದು, ಆಮೇಲೆ ಮನೆಗೆ ಹೋಗಿ ಒಲೆ ಹೊತ್ತಿಸಿದಳು.