ಬಾರದ ನೆಂಟರ ಊಟ

ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾಗಿ ಅಜ್ಜಂಪುರದ ಈ ಮನೆಗೆ ಬಂದ ಮೂರನೇ ದಿನ ಮಲ್ಲಿಕಾಂಬ ಒಂದು ಮಾತು ಕೊಟ್ಟಿದ್ದಳು. ಅತ್ತೆ ಕಾಂತಮ್ಮ ಅವಳನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ಹೇಳಿದ್ದರು: "ನೋಡವ್ವಾ, ದಿನಾ ಇಬ್ರು ನೆಂಟರಿಗಾಗೋವಷ್ಟು ಅಕ್ಕಿ ಜಾಸ್ತೀನೇ ಹಾಕ್ಬೇಕು. ಯಾರ್ ಯಾವಾಗ ಬತ್ತಾರೋ ಏನೋ. ಬರ್ದೇ ಮಿಕ್ಕಿದ್ರೆ ಚೆಲ್ಲಂಗಿಲ್ಲ, ಪ್ರಸಾದ ಅದು. ಮನೆ ಸೊಸೆ ಉಣ್ಬೇಕು."

"ಉಣ್ತೀನಿ ಅತ್ತೆ" ಅಂದಿದ್ದಳು. ಆಗ ಅವಳ ತೂಕ ನಲವತ್ತೆಂಟು ಕೆಜಿ.

ಈಗ ಎಂಬತ್ತೊಂದು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಏಳಲು ಗೋಡೆ ಬೇಕು. ಕಡೂರಿನ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, "ಸಕ್ಕರೆ ಕಾಯಿಲೆ ಹೊಸ್ತಿಲ ಮೇಲೆ ನಿಂತಿದೆಯಮ್ಮ, ಇನ್ನೂ ಒಳಗೆ ಕಾಲಿಟ್ಟಿಲ್ಲ. ತೂಕ ಇಳಿಸಿ. ಮೂರು ತಿಂಗಳು ಬಿಟ್ಟು ನೋಡೋಣ. ಆಗಲೂ ಹೀಗೇ ಇದ್ದರೆ ಮಾತ್ರೆ ಶುರು ಮಾಡಬೇಕಾಗುತ್ತೆ" ಎಂದರು.

ಮಲ್ಲಿಕಾಂಬಳ ಅವ್ವ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡವಳು. ಕೊನೆಗಾಲದಲ್ಲಿ ಮಗಳ ಮುಖ ಸವರಿ ಗುರುತು ಹಿಡಿಯುತ್ತಿದ್ದಳು.

ಬಸ್ಸಿಳಿದವಳೇ ಸೀದಾ ಆಶಾ ಕಾರ್ಯಕರ್ತೆ ಹೇಮಾವತಿಯ ಮನೆಗೆ ಹೋದಳು. ಇಬ್ಬರೂ ಒಂದೇ ಸ್ತ್ರೀಶಕ್ತಿ ಸಂಘದವರು.

"ನಾಳೆಯಿಂದ ರಾತ್ರಿ ಊಟಾನೇ ಬಿಟ್ಬಿಡ್ತೀನಿ ಕಣೇ."

"ಹೋದ್ವರ್ಷ ಡಬ್ಬಿ ಪುಡಿ ಕುಡ್ದು ಐದು ಕೆಜಿ ಇಳಿಸ್ಕಂಡಿದ್ದೆಯಲ್ಲ, ಏನಾಯ್ತು?"

"ಪುಡಿ ಮುಗೀತು. ಏಳು ಕೆಜಿ ಏರ್ತು."

"ಉಪವಾಸಾನೂ ಅಷ್ಟೇ. ನಾಲ್ಕು ದಿನ ಹಟ, ಐದನೇ ದಿನ ಪಾತ್ರೆ ಖಾಲಿ. ಈಗ ದಿನಾ ಏನೇನ್ ಉಣ್ತೀಯ, ಸುಳ್ಳು ಹೇಳ್ದಂಗೆ ಹೇಳು."

"ಎಲ್ರ ಹಂಗೇ. ಒಂದು ಮುದ್ದೆ, ಒಂಚೂರು ಅನ್ನ."

"ಎಲ್ರದೂ ಆದ್ಮೇಲೆ?"

ಮಲ್ಲಿಕಾಂಬ ಸೆರಗಿನ ತುದಿ ತಿರುವಿದಳು. "ಮಿಕ್ಕಿದ್ದು. ನೆಂಟರಿಗೆ ಅಂತ ಮಾಡಿಟ್ಟಿದ್ದು."

"ನೆಂಟರು ಹೇಳ್ದೆ ಕೇಳ್ದೆ ಬಂದು ಎಷ್ಟು ದಿನ ಆಯ್ತೇ?"

"ಈಗೆಲ್ಲಿ ಹಂಗ್ ಬತ್ತಾರೆ? ಬೀರೂರಲ್ಲಿ ಬಸ್ ಹತ್ತೋವಾಗ್ಲೇ ಫೋನ್ ಮಾಡ್ತಾರೆ."

ಹೇಮಾವತಿ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ ತಾಯಿ! ಬರ್ದೇ ಇರೋ ನೆಂಟರ ಊಟಾನ ಇಷ್ಟು ವರ್ಷದಿಂದ ಒಬ್ಳೇ ಉಣ್ತಾ ಇದೀಯಲ್ಲೇ! ಉಪವಾಸ ಬೇಡ, ಪುಡಿ ಬೇಡ. ಇರೋರಿಗಷ್ಟೇ ಅಳೆದು ಮಾಡು. ಎಲ್ರ ಜತೆ ಕೂತ್ಕೊಂಡು ನಿನ್ ತಟ್ಟೇಲಿ ಉಣ್ಣು. ಅರ್ಧ ತಟ್ಟೆ ಸೊಪ್ಪು, ತರಕಾರಿ ಇರ್ಲಿ. ಜತೇಲಿ ಬೇಳೆನೋ ಕಾಳೋ ಬೇಕು. ಮುದ್ದೆ ಉಂಡ್ರೆ ಅನ್ನಕ್ಕೆ ಕೈ ಹಾಕ್ಬೇಡ. ಕಾಫಿ ಸಕ್ಕರೆ ವಾರಕ್ಕಿಷ್ಟು ಅಂತ ಕಮ್ಮಿ ಮಾಡ್ಕೊಂಡು ಹೋಗು. ಸಂಜೆ ಸ್ಟೇಷನ್ ತಂಕ ನಡಿ. ತಿಂಗಳಿಗೆ ಒಂದೂವರೆ ಕೆಜಿ ಇಳಿದ್ರೂ ಗೆದ್ದಂಗೇ. ಆದ್ರೆ ಮೂರು ತಿಂಗಳಿಗಲ್ಲ, ಜೀವ ಇರೋತನಕ."

ಅಂದು ಸಂಜೆ ಮಲ್ಲಿಕಾಂಬ ನಾಲ್ಕು ಜನಕ್ಕೆ ಮಾತ್ರ ಅಕ್ಕಿ ಅಳೆದಳು. ಕಾಂತಮ್ಮ ಇಣುಕಿ ನೋಡಿದರು.

"ಇದೇನೇ, ಮನೆಗೆ ಬರಗಾಲ ಬಂತಾ? ನೆಂಟರ ಪಾಲೆಲ್ಲಿ?"

"ನೆಂಟರು ಬಂದಾಗ ಮಾಡ್ತೀನಿ."

"ನಂಗೆ ಕೊಟ್ಟ ಮಾತು?"

ಮಲ್ಲಿಕಾಂಬ ಅತ್ತೆಗೆ ಎದುರಾಡಿದವಳಲ್ಲ. ಅಂದು ಸೆಟೆದು ನಿಂತಳು. "ನನ್ ಹೊಟ್ಟೆ ಮುಸುರೆ ಬಾನಿ ಅಲ್ಲ ಅತ್ತೆ. ನಮ್ಮವ್ವನ ಹಂಗೆ ಕುರುಡಾಗಿ ಮಗಳ ಮುಖ ಸವರೋಕೆ ನಾನ್ ತಯಾರಿಲ್ಲ. ಬೈತೀರಾ, ಬೈರಿ. ಅಕ್ಕಿ ಮಾತ್ರ ಇಷ್ಟೇ."

ಊಟಕ್ಕೆ ಎಲ್ಲರ ಸಾಲಿನಲ್ಲೇ ತಟ್ಟೆ ಹಾಕಿಕೊಂಡು ಕೂತಳು. ಗಂಡ ರುದ್ರಮೂರ್ತಿ, "ಏನಪ್ಪಾ, ನಮ್ಮನೇಲೂ ಡಯಟ್ ಶುರುವಾಯ್ತು! ಎಷ್ಟು ದಿನದ ಆಟ?" ಅಂದ. ಮಗಳು ಸ್ಫೂರ್ತಿ, "ಅಪ್ಪಾ, ನಿಮ್ ಹೊಟ್ಟೆ ತಟ್ಟೆಗಿಂತ ಮೊದ್ಲೇ ಬಂದು ಕೂತಿದೆ, ನೋಡ್ಕಳ್ಳಿ" ಅಂದಳು. ರುದ್ರಮೂರ್ತಿ ಸೊಪ್ಪಿನ ಪಲ್ಯಕ್ಕೆ ಕೈ ಹಾಕಿದ. ಕಾಂತಮ್ಮ ವಾರವಿಡೀ ಸೊಸೆಯ ಜತೆ ಮಾತಾಡಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಎಲ್ಲರ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ, ಲಿಂಗದಹಳ್ಳಿಯ ಚಿಕ್ಕಮಾವ ಓಂಕಾರೇಶ್ ಬಾಗಿಲಲ್ಲಿ ನಿಂತಿದ್ದರು. ರೈಲು ತಪ್ಪಿತ್ತು, ಫೋನು ಸತ್ತಿತ್ತು.

"ನೋಡ್ದೇನೇ?" ಕಾಂತಮ್ಮ ತಿಂಗಳಿನಿಂದ ಕಾದಿದ್ದವರಂತೆ ಸೊಸೆಯ ಕಡೆ ತಿರುಗಿದರು. "ಈಗೇನ್ ಬಡಿಸ್ತೀಯ, ನಿನ್ ತೂಕದ ಚೀಟಿನಾ?"

"ಮಾವನಿಗೆ ಕೈಕಾಲು ತೊಳೆಯೋಕೆ ನೀರು ಕೊಡಿ ಅತ್ತೆ, ಅಷ್ಟೊತ್ತಿಗೆ ಆಗುತ್ತೆ." ಕುಕ್ಕರ್ ಮೂರು ಸಲ ಕೂಗಿತು. ಹಬೆಯಾಡುವ ಅನ್ನ, ಬಿಸಿ ಮಾಡಿದ ಸೊಪ್ಪಿನ ಸಾರು ಓಂಕಾರೇಶರ ತಟ್ಟೆಗೆ ಬಂತು.

ಅವರು ಎರಡು ತುತ್ತು ಉಂಡು ಕಣ್ಣರಳಿಸಿದರು. "ಅತ್ತಿಗೆ, ಬೇಜಾರ್ ಮಾಡ್ಕಬೇಡಿ. ಮೂವತ್ತು ವರ್ಷದಿಂದ ಈ ಮನೇಗ್ ಬತ್ತಿದೀನಿ. ಬಿಸಿ ಅನ್ನ ಉಂಡಿದ್ದು ಇವತ್ತೇ ಮೊದಲು ಕಣ್ರೀ."

ಸಂಜೆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಸದ್ದಾಯಿತು. ಮಲ್ಲಿಕಾಂಬ ಹೋಗಿ ನೋಡಿದರೆ ಅತ್ತೆಯೇ ನಿಂತಿದ್ದರು. ನಾಲ್ಕು ಜನರಿಗಾಗುವಷ್ಟೇ ಹಾಕಿ ಡಬ್ಬದ ಮುಚ್ಚಳ ಬಿಗಿದರು.

ಮೂರು ತಿಂಗಳಿಗೆ ಕಡೂರಿನಲ್ಲಿ ತೂಕ ನೋಡಿದರೆ ಎಪ್ಪತ್ತಾರೂವರೆ. ಸಕ್ಕರೆ ಹೊಸ್ತಿಲಿಂದ ಅಂಗಳಕ್ಕಿಳಿದಿತ್ತು. ಡಾಕ್ಟರು, "ಈ ಪಥ್ಯ ಬಿಡಬೇಡಿ" ಅಂದರು.

"ಪಥ್ಯ ಅಲ್ಲ ಸಾರ್, ಈಗ ನಮ್ಮನೆ ಊಟಾನೇ ಇದು" ಅಂದಳು ಮಲ್ಲಿಕಾಂಬ.

ಅಕ್ಕಂದಿರೇ, ಇವತ್ತು ಅಕ್ಕಿ ಅಳೆಯುವ ಮೊದಲು ಮನೆಯಲ್ಲಿ ಎಷ್ಟು ಜನ ಇದ್ದೀರೆಂದು ಎಣಿಸಿ. ಮಿಕ್ಕಿದ್ದಕ್ಕೆಲ್ಲ ನಿಮ್ಮ ಹೊಟ್ಟೆಯೇ ಜಾಗವಲ್ಲ. ಎಲ್ಲರ ಜೊತೆಗೇ ಕೂತು ಉಣ್ಣಿ. ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ಅಣ್ಣಂದಿರೇ, ನೀವೂ ಒಂದು ಹಿಡಿ ಅನ್ನ ಕಡಿಮೆ ಮಾಡಿ, ಒಂದು ಸೌಟು ಪಲ್ಯ ಹೆಚ್ಚು ಹಾಕಿಸಿಕೊಳ್ಳಿ. ದಿಢೀರ್ ಸಣ್ಣಗಾಗಿಸುವ ಪುಡಿಗೆ ಮರುಳಾಗಬೇಡಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೂವತ್ತು ದಾಟಿದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಮಲ್ಲಿಕಾಂಬ ಅತ್ತೆಗೆ ಕೊಟ್ಟ ಮಾತನ್ನು ಮುರಿದಳು; ಮನೆಗೆ ಬರಗಾಲವೇನೂ ಬರಲಿಲ್ಲ.