ಸಂಕಲ್ಪ ಬಳಗಕ್ಕೆ ಬೀಸಿದ ಗಾಳಿ

ನಾನು ಒಂದು ಸ್ಟ್ಯಾಂಡ್ ಫ್ಯಾನು. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ನನಗೆ ತಾಮ್ರದ ತಂತಿ ಸುತ್ತಿದರು, ಮೂರು ರೆಕ್ಕೆ ಕೂಡಿಸಿದರು, ಸುತ್ತ ಜಾಳಿಗೆ ಬಿಗಿದರು. ಅಂದೇ ಒಬ್ಬ ಮಿಸ್ತ್ರಿ ನನ್ನ ಮುಂದೆ ನಿಂತು ಬೆವರು ಆರಿಸಿಕೊಂಡು "ಭೇಷ್" ಎಂದ. ನನಗೆ ಸಿಕ್ಕ ಪ್ರಾಮಾಣಿಕ ಹೊಗಳಿಕೆ ಅದೊಂದೇ.

ಮೊದಲ ನಾಲ್ಕು ವರ್ಷ ಶಾಮಿಯಾನದವರ ಬಳಿ ಇದ್ದೆ. ಮದುವೆಗಳಲ್ಲಿ ನನ್ನನ್ನು ಬೀಗರ ಕಡೆಗೇ ಮುಖ ಮಾಡಿ ನಿಲ್ಲಿಸುತ್ತಿದ್ದರು. ಬೀಗರ ಸೊಕ್ಕು ಸಣ್ಣದಲ್ಲ. ಆದರೂ ಅವರು ಉಂಡು, ಜಗಳಾಡಿ, ಸಂಜೆಗೆ ಹೊರಟುಹೋಗುತ್ತಿದ್ದರು. ಆಮೇಲೆ ನನ್ನನ್ನು ವಿಜಯಪುರದ ಒಂದು ವಾಚನಾಲಯಕ್ಕೆ ಮಾರಿದರು. ಅಲ್ಲಿ ಸಿಕ್ಕವರು ಹೊರಡುವ ಜನವೇ ಅಲ್ಲ.

ವಾಚನಾಲಯ ನೋಡಿಕೊಳ್ಳುತ್ತಿದ್ದವಳು ಸುರೇಖಾ ಕೋಲಕಾರ. ಒಂಬತ್ತಕ್ಕೆ ಬಾಗಿಲು ತೆರೆದರೆ ಸಾಕಿತ್ತು. ಪರೀಕ್ಷೆಗೆ ಓದುವ ಹುಡುಗಿಯರಿಗೆ ಮನೆಯಲ್ಲಿ ಜಾಗವಿಲ್ಲವೆಂದು ಅವಳು ಆರಕ್ಕೇ ಬಂದು ತೆರೆಯುತ್ತಿದ್ದಳು. ಬೆಳಗಿನ ಆ ಮೂರು ಗಂಟೆ ನಾನು ಸಂತೋಷದಿಂದ ತಿರುಗುತ್ತಿದ್ದೆ.

ಏಪ್ರಿಲ್‌ನಲ್ಲಿ ‘ಸಂಕಲ್ಪ ಬಳಗ’ ಶುರುವಾಯಿತು. ಮನುಷ್ಯನ ಇಚ್ಛೆ ಸ್ವತಂತ್ರವೇ ಎಂಬುದರ ಬಗ್ಗೆ ಬೇಸಿಗೆಯ ಪ್ರತಿ ರವಿವಾರ ಓದಿ ಚರ್ಚಿಸುವ ಏಳು ಜನ. ಅವರ ಮುಖಂಡರು ನಿವೃತ್ತ ಪ್ರಾಚಾರ್ಯ ವಾಮನರಾವ ಗಲಗಲಿ. ಅವರು ಬಂದವರೇ ನನ್ನ ಕತ್ತು ತಿರುಗದಂತೆ ಗುಂಡಿ ಮೇಲೆಳೆದು, ಗಾಳಿಯೆಲ್ಲ ತಮಗೇ ಬರುವಂತೆ ಕೂತು, "ತಾನು ಮಾಡಿದ ಪ್ರತಿಯೊಂದಕ್ಕೂ ಮನುಷ್ಯ ತಾನೇ ಹೊಣೆ" ಎಂದು ಆರಂಭಿಸಿದರು. ಉಳಿದವರು ಬೆವರು ಒರೆಸಿಕೊಳ್ಳುತ್ತ ತಲೆದೂಗಿದರು. ವಕೀಲ ಹಂಚಿನಾಳ ಇಚ್ಛಾಶಕ್ತಿಯ ಬಗ್ಗೆ ಅರ್ಧ ಗಂಟೆ ಮಾತಾಡಿ, ತಂಬಾಕು ತಿಕ್ಕಲು ಹೊರಗೆ ಹೋದರು.

ಬಾಯಿ ಬಿಡದೆ ಕೂತವನು ಒಬ್ಬನೇ, ನಿವೃತ್ತ ಬಸ್ ಕಂಡಕ್ಟರ್ ಲಾಲಸಾಬ. ಅವನು ಗಾಳಿಗಾಗಿ ಬರುತ್ತಾನೆಂದು ಉಳಿದವರು ನಗುತ್ತಿದ್ದರು. ಅವನಿಗೆ ನನ್ನ ಗಾಳಿ ಒಂದು ದಿನವೂ ತಾಗಲಿಲ್ಲವೆಂಬುದು ಆ ಪಂಡಿತರಿಗೆ ಹೊಳೆದಿರಲಿಲ್ಲ.

ಎರಡನೇ ವಾರ ಗಲಗಲಿಯವರು ಬೀಗದ ಕಪಾಟಿನಿಂದ ನಾಲ್ಕು ದಪ್ಪ ಪುಸ್ತಕ ತೆಗೆಸಿಕೊಂಡರು. "ಬರಕೋಬ್ಯಾಡವಾ, ಮುಂದಿನ ರವಿವಾರ ತರತೀನಿ" ಎಂದರು. ದೊಡ್ಡವರ ಮಾತೆಂದು ಸುರೇಖಾ ಬರೆದುಕೊಳ್ಳಲಿಲ್ಲ. ಜೂನ್‌ನಲ್ಲಿ ಆಡಳಿತ ಕಮಿಟಿಯವರು ಪುಸ್ತಕ ಎಣಿಸಿದಾಗ ನಾಲ್ಕು ಕಡಿಮೆ ಬಂದವು. ವಾರದೊಳಗೆ ಪುಸ್ತಕ ಒಪ್ಪಿಸಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಅವಳಿಗೆ ಕಾಗದ ಬಂತು. ಅವಳು ಗಲಗಲಿಯವರ ಮನೆಗೆ ಎರಡು ಸಲ ಹೋದಳು. ಎರಡು ಸಲವೂ ಸಾಹೇಬರು ಪೂಜೆಗೆ ಕೂತಿದ್ದರು.

ಬಳಗದ ಕೊನೆಯ ರವಿವಾರ ಅವಳು ಆ ಕಾಗದ ಹಿಡಿದು ಎಲ್ಲರ ಮುಂದೆ ಬಂದು ನಿಂತಳು.

"ಸರ, ಆ ನಾಲ್ಕು ಪುಸ್ತಕ ನಿಮ್ಮ ಕಡೆ ಅದಾವ್ರಿ. ನಾಳೆ ಕಮಿಟಿ ಕೂಡತದ. ನಾನ ಒಯ್ದಿದ್ದೆ ಅಂತ ಒಂದು ಮಾತು ಹೇಳ್ರಿ."

ಗಲಗಲಿಯವರು ಕನ್ನಡಕ ತೆಗೆದು ಒರೆಸಿದರು. "ಒಯ್ದಿರಬಹುದು, ಮರೆತೀನಿ ನೋಡವಾ. ಮರೆವು ಸಂಕಲ್ಪದಿಂದ ಆಗೂದಲ್ಲ. ಸಂಕಲ್ಪನ ಇಲ್ಲ ಅಂದಮ್ಯಾಲೆ ಹೊಣೆ ಎಲ್ಲಿಂದ ಬರತದ?"

"ಭಾರಿ ಪ್ರಶ್ನೆ ಸರ!" ಹಂಚಿನಾಳ ಕುರ್ಚಿ ಮುಂದೆಳೆದುಕೊಂಡರು. "ಇವತ್ತ ಇದನ್ನ ಚರ್ಚೆಗೆ ತಗೊಳ್ಳೂಣು."

ತಗೊಂಡರು! ಮರೆತವನು ತಪ್ಪಿತಸ್ಥನೇ ಎಂದು ಮುಕ್ಕಾಲು ಗಂಟೆ ಕೊರೆದರು. ಸುರೇಖಾ ಗೋಡೆಗೆ ಒರಗಿ ನಿಂತೇ ಇದ್ದಳು. ಅವಳ ಕೈಯಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು. ಅಂಥವರಿಗೆ ಗಾಳಿ ಬೀಸಬೇಕಾಯಿತಲ್ಲ ಎಂದು ನನಗೆ ಹೇಸಿಗೆಯಾಯಿತು.

ನಡುವೆ ಲಾಲಸಾಬ ಎದ್ದ. "ಬಾಯಾರು ಮನ್ಯಾಗ ಅದಾರೇನ್ರಿ ಸರ?" ಎಂದು ಗಲಗಲಿಯವರ ಹೆಂಡತಿಯ ಬಗ್ಗೆ ಕೇಳಿದ. ಮಾತಿನ ಭರದಲ್ಲಿ ಗಲಗಲಿ ಹೂಂ ಅಂದರು. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಅರಿವೆಯ ಚೀಲದೊಂದಿಗೆ ಬಂದು, ನಾಲ್ಕೂ ಪುಸ್ತಕ ಮೇಜಿನ ಮೇಲಿಟ್ಟ.

"ಬಾಯಾರು ಕೊಟ್ರು. ದಿನಾ ಧೂಳ ಒರಸಿ ಸಾಕಾಗ್ಯದ ಅಂದ್ರು."

ಗಲಗಲಿಯವರ ಮುಖ ಕೆಂಪಾಯಿತು. "ನನ್ನ ಮನಿಗೆ ಹೋಗಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

ಇಡೀ ಬೇಸಿಗೆಯಲ್ಲಿ ಆ ಕೋಣೆಯೊಳಗೆ ಸಂಕಲ್ಪದ ಬಗ್ಗೆ ಬಂದ ಒಂದೇ ಒಂದು ಗಟ್ಟಿ ಮಾತು ಅದು. ಏಳು ಜನರ ಟಿಪ್ಪಣಿ ಪುಸ್ತಕಗಳಲ್ಲಿ ಒಂದರಲ್ಲೂ ಅದು ಇಳಿಯಲಿಲ್ಲ.

ಸುರೇಖಾ ರಜಿಸ್ಟರ್ ತಂದಳು. ಒಯ್ದವರ ಹೆಸರು, ಒಯ್ದ ತಿಂಗಳು, ಹಿಂತಿರುಗಿದ ದಿನ ಎಲ್ಲವನ್ನೂ ನಿಂತಲ್ಲೇ ಬರೆದಳು. "ಸಹಿ ಮಾಡ್ರಿ ಸರ" ಎಂದಳು. ಚಾಚಿದ ರಜಿಸ್ಟರನ್ನು ಹಿಂದೆಗೆಯಲಿಲ್ಲ. ಗಲಗಲಿಯವರು ಸುತ್ತ ನೋಡಿದರು. ಹಂಚಿನಾಳ ಆಗಲೇ ತಂಬಾಕಿಗೆ ಹೋಗಿದ್ದರು. ಕೊನೆಗೆ ಸಹಿ ಮಾಡಿ, ಮನುಷ್ಯ ಪರಿಸ್ಥಿತಿಯ ಕೈಗೊಂಬೆ ಎಂದು ಬಳಗದ ಸಮಾರೋಪ ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು.

ಸುರೇಖಾಳ ಕೆಲಸ ಉಳಿಯಿತು. ಬರೆದುಕೊಳ್ಳದೆ ಕೊಟ್ಟದ್ದಕ್ಕೆ ಕಮಿಟಿ ಅವಳಿಗೇ ಎಚ್ಚರಿಕೆ ಕೊಟ್ಟಿತು. ಗಲಗಲಿಯವರಿಗೆ ಶಾಲು ಹೊದಿಸಿತು.

ಈ ಚಳಿಗಾಲದಲ್ಲಿ ನನ್ನ ಮೋಟಾರು ಸುಟ್ಟುಹೋಯಿತು. ಈಗ ರಿಪೇರಿ ಅಂಗಡಿಯ ಮೂಲೆಯಲ್ಲಿ, ಜಾಳಿಗೆ ಬಿಚ್ಚಿಕೊಂಡು ಕೂತಿದ್ದೇನೆ. ಮೊನ್ನೆ ಸುರೇಖಾ ನನ್ನನ್ನು ವಿಚಾರಿಸಲು ಬಂದಿದ್ದಳು. ಬೆಳಗ್ಗೆ ಬರುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿದ್ದಾರಂತೆ. ಕೇಳಿ ಹಿಗ್ಗಿದೆ. ಬಳಗವೂ ಮತ್ತೆ ಸೇರುತ್ತದಂತೆ, ಈ ಬೇಸಿಗೆಯ ವಿಷಯ ‘ಕರುಣೆ’. ಅದನ್ನು ಕೇಳಿದ ಮೇಲೆ, ಮೋಟಾರು ಸುಟ್ಟದ್ದಕ್ಕೆ ನಾನು ಒಂದು ಗಳಿಗೆಯೂ ದುಃಖಪಟ್ಟಿಲ್ಲ.