ಗುಲಾಬಿ ಹೊಲಿದ ಷೂ

"ಇನ್ನೂ ಈಚೆಗೆ ಚಾಚೇ, ಬರೀ ಬೆರಳಷ್ಟೇ ಬಂದಿವೆ," ಎಂದು ಒಬ್ದುಲಿಯಾ ಅಜ್ಜಿ ಗೋಡೆಯ ಬುಡದಲ್ಲಿ ಕೂತು ಗದರಿದಳು. ಎರಡು ದೇಶಗಳ ನಡುವಿನ ಆ ಗಡಿಗೋಡೆಯೆಂದರೆ ಸಾಲಾಗಿ ನಿಂತ ಉಕ್ಕಿನ ಕಂಬಗಳು, ನಡುನಡುವೆ ಅಂಗೈ ಅಗಲದ ಸಂದು. ಅಮೆರಿಕದ ನೊಗಾಲೆಸ್‌ನಲ್ಲಿ ನಿಂತಿದ್ದ ಮೊಮ್ಮಗಳು ಯಾರೆತ್ಸಿಯ ಪಾದ ಮೆಕ್ಸಿಕೋದ ನೊಗಾಲೆಸ್‌ಗೆ ಬಂತು.

"ಏನವ್ವಾ, ಕಾಲಿಗೆ ಪಾಸ್‌ಪೋರ್ಟ್ ಮಾಡಿಸಿದ್ಯಾ?" ಎಂದ ಪಕ್ಕದಲ್ಲಿ ಐಸ್ ಮಾರುತ್ತಿದ್ದ ಚೋನ್.

"ನಿನ್ನ ನಾಲಿಗೆಗೆ ಮಾಡಿಸ್ಕೊ. ಗಡಿ ದಾಟೋದು ಅದು."

ಅವರ ಪದ್ಧತಿಯಲ್ಲಿ ಹದಿನೈದು ತುಂಬಿದ ಹುಡುಗಿಗೆ ಮನೆಯ ಹಿರಿಯರು ಚಪ್ಪಟೆ ಚಪ್ಪಲಿ ಕಳಚಿ ಎತ್ತರದ ಹಿಮ್ಮಡಿಯ ಷೂ ತೊಡಿಸಬೇಕು; ಮೊದಲ ಕುಣಿತ ಆಮೇಲೆ. "ಅಜ್ಜಿ ತೊಡಿಸದಿದ್ರೆ ನಾನು ಕುಣಿಯೋದೇ ಇಲ್ಲ," ಎಂದು ಯಾರೆತ್ಸಿ ಹಟ ಹಿಡಿದಿದ್ದಳು. ಅಜ್ಜಿಗೆ ಅತ್ತ ಹೋಗಲು ವೀಸಾ ಇಲ್ಲ. ಯಾರೆತ್ಸಿಗೂ ಅವಳ ಅಪ್ಪ ಅಮ್ಮನಿಗೂ ಅತ್ತ ಇರಲು ಕಾಗದಪತ್ರವಿಲ್ಲ; ಇತ್ತ ಬಂದರೆ ಮರಳಿ ಹೋಗುವ ಹಾಗಿಲ್ಲ. ಅಜ್ಜಿ ಬಿಳಿ ಷೂ ತಂದು, ಪಕ್ಕಕ್ಕೆ ಸ್ಯಾಟಿನ್ ಗುಲಾಬಿ ಹೊಲಿದು, ಮೊದಲೇ ಬಂದು ಸಂದಿನಲ್ಲಿ ತೂರಿಸಿಯೂ ನೋಡಿದ್ದಳು. ಸಲೀಸಾಗಿ ಹೋಗಿತ್ತು.

ಈಗ ಚಪ್ಪಟೆ ಚಪ್ಪಲಿ ಕಳಚಿ ಮಡಿಲಲ್ಲಿಟ್ಟುಕೊಂಡು ಷೂ ತೊಡಿಸಿದಳು, ಪಟ್ಟಿ ಬಿಗಿದಳು. "ಎಳ್ಕೋ."

ಕಾಲು ಹೋಗಲಿಲ್ಲ. ಹೇಗೆ ತಿರುಗಿಸಿದರೂ ಗುಲಾಬಿ ಕಂಬಕ್ಕೆ ಸಿಕ್ಕಿಕೊಳ್ಳುತ್ತಿತ್ತು.

"ಅಜ್ಜಿ, ನಾನೀಗ ಮೆಕ್ಸಿಕೋಗೆ ಅಂಟಿಕೊಂಡೆ!" ಹುಡುಗಿ ಬಿದ್ದು ಬಿದ್ದು ನಕ್ಕಳು.

ಅಜ್ಜಿಗೆ ನಗು ಬರಲಿಲ್ಲ. "ಬರೀ ಷೂ ಅಳೆದೆ ಕಣೇ. ಒಳಗೊಂದು ಕಾಲಿರುತ್ತೆ ಅನ್ನೋದನ್ನೇ ಮರೆತೆ. ಯಾವಾಗ ಇಷ್ಟು ಬೆಳೀತೇ ಇದು?"

"ಬಿಚ್ಚಿಕೊಡಮ್ಮಾ," ಎಂದಳು ಆಚೆಯಿಂದ ಮಗಳು. "ಇಲ್ಲೇ ನಾನು ಹಾಕ್ತೀನಿ."

"ಬಿಚ್ಚಿದ್ರೆ ನಾನು ತೊಡಿಸಿದ ಹಾಗಾಯ್ತೇನೇ?"

ಚೋನ್ ಐಸ್ ತುರಿಯುವುದನ್ನು ನಿಲ್ಲಿಸಿದ. ಅಜ್ಜಿ ಬಗ್ಗಿದಳು, ಮೊಮ್ಮಗಳ ಪಾದಕ್ಕೆ ಮುಖ ತಾಗುವಷ್ಟು. ವಾರವಿಡೀ ಹೊಲಿದ ಹೊಲಿಗೆಯನ್ನು ಉಳಿದಿದ್ದ ನಾಲ್ಕು ಹಲ್ಲಿನಿಂದ ಕಚ್ಚಿ ಕಿತ್ತಳು.

"ಅಯ್ಯೋ ಅಜ್ಜಿ, ಕಚಗುಳಿ!"

"ಅಲ್ಲಾಡಬೇಡ್ವೇ, ಕತ್ತೆ!"

ಗುಲಾಬಿ ಕೈಗೆ ಬಂತು. ಕಾಲು ಆಚೆಗೆ ಹೋಯಿತು, ಷೂ ಸಮೇತ. ಇನ್ನೊಂದು ಕಾಲು ತಾನಾಗಿಯೇ ಈಚೆಗೆ ಬಂತು.

ಯಾರದೋ ಫೋನಿನಲ್ಲಿ ಹಾಡು ಶುರುವಾಯಿತು. ಹೊಸ ಹಿಮ್ಮಡಿಯ ಮೇಲೆ ತೂಗಾಡುತ್ತಾ, ಅಪ್ಪನ ತೋಳು ಹಿಡಿದು ಯಾರೆತ್ಸಿ ತಿರುಗತೊಡಗಿದಳು. ಕಂಬ ಕಂಬದ ನಡುವೆ ಅವಳ ಲಂಗ ಮಿಂಚಿ ಮರೆಯಾಗುತ್ತಿತ್ತು.

ಅಜ್ಜಿಯ ಮಡಿಲಲ್ಲಿ ಎರಡು ಗುಲಾಬಿ ಮತ್ತು ಹುಡುಗಿ ಬಿಟ್ಟುಹೋದ ಚಪ್ಪಟೆ ಚಪ್ಪಲಿಗಳು. ಅವು ಇನ್ನೂ ಬೆಚ್ಚಗಿದ್ದವು. ಅಜ್ಜಿ ತನ್ನ ಸವೆದ ಚಪ್ಪಲಿ ಕಳಚಿ ಮೊಮ್ಮಗಳ ಚಪ್ಪಲಿಯಲ್ಲಿ ಕಾಲಿಟ್ಟು ನೋಡಿದಳು. ಸರಿಯಾಗಿ ಹೊಂದಿತು.

"ಏಳೋ ಚೋನ್," ಎಂದು ಕೈ ಚಾಚಿದಳು. "ಹಾಡು ಮುಗಿದುಹೋಗುತ್ತೆ."